ಎಡಬದಿಯ ಖಳ

ಸಂಪಾದಕರು ಮೂರನೇ ಸಲವೂ ಪುಟಗಳನ್ನು ವಾಪಸು ಕಳಿಸಿದ್ದರು. ಕಾಮಿಕ್ಸ್‌ನ ಖಳನಿಗೆ ಮೈಯಷ್ಟೇ ಇದೆ, ಅವನನ್ನು ಕಂಡು ನಾಯಕನ ಎದೆ ಝಲ್ಲೆನ್ನುವುದಿಲ್ಲ ಎಂಬುದು ಅವರ ತಕರಾರು. ಸಂಜೆ ಆರರೊಳಗೆ ಸರಿಯಾದ ಕಾದಾಟದ ಪುಟ ಬರದಿದ್ದರೆ ಹನ್ನೊಂದು ವರ್ಷದ ಸರಣಿ ಬೇರೆಯವರ ಪಾಲು.

ತಮ್ಮ ಪೆನ್ಸಿಲಿನಲ್ಲಿ ಚಿತ್ರ ಬಿಡಿಸುತ್ತಿದ್ದ, ಅಣ್ಣ ಅದರ ಮೇಲೆ ಮಸಿ ತೀಡುತ್ತಿದ್ದ. ಮುಖಪುಟದಲ್ಲಿ ತಮ್ಮನ ಹೆಸರೊಂದೇ. ಪ್ರತಿ ಕಾದಾಟವನ್ನೂ ಇಬ್ಬರೂ ಮೊದಲು ಆಡಿ ನೋಡುತ್ತಿದ್ದರು. ನೆಲದ ಮೇಲೆ ಸೀಮೆಸುಣ್ಣದ ಗುರುತು, ಎದುರಿಗೆ ಐದು ಸೆಕೆಂಡಿಗೊಂದು ಫೋಟೊ ತೆಗೆಯುವ ಕ್ಯಾಮೆರಾ. ನಾಯಕನಾಗಿ ತಮ್ಮ ಎಡಕ್ಕೆ, ಖಳನಾಗಿ ಅಣ್ಣ ಬಲಕ್ಕೆ. ಮುಷ್ಟಿ ಮೈಯಿಂದ ಒಂದಿಂಚು ದೂರದಲ್ಲಿ ನಿಲ್ಲಬೇಕು.

"ಓದೋರ ಕಣ್ಣು ಎಡದಿಂದ ಬಲಕ್ಕೆ ಓಡುತ್ತೆ, ಅದರ ಜೊತೆ ನೀನೂ ನುಗ್ತೀಯ," ಅಂದ ಅಣ್ಣ. "ಖಳ ಏಟು ತಿನ್ನೋಕೆ ಕ್ಯೂ ನಿಂತಂಗಿರ್ತಾನೆ. ಇವತ್ತು ಜಾಗ ಬದಲಾಯಿಸೋಣ."

ತಮ್ಮನಿಗೆ ಹಿಡಿಸಿತು. ಬಲಕ್ಕೆ ಹೋಗಿ, ಎದೆ ಕ್ಯಾಮೆರಾಕ್ಕೆ ಕಾಣುವಂತೆ ತಿರುಗಿದ. ಹಾಗೆ ತಿರುಗಿದರೆ ಬಲಭುಜ ಮುಂದಕ್ಕೆ ಬರುತ್ತದೆಂಬುದು ಹೊಳೆಯಲೇ ಇಲ್ಲ. ಆರು ವರ್ಷದ ಹಿಂದೆ ಬೈಕಿನಿಂದ ಬಿದ್ದು ಮುರಿದ ಭುಜ. ಒಳಗೆ ಸ್ಟೀಲ್ ಪಟ್ಟಿ ಇತ್ತು.

ಅಣ್ಣನ ಮುಷ್ಟಿ ನಿಲ್ಲಲಿಲ್ಲ, ಪಟ್ಟಿಯ ಮೇಲೇ ಬಿತ್ತು. ಒಳಗೇನೋ ಲಟಕ್ಕೆಂದಿತು. ಮಂಡಿಯೂರಿದ ತಮ್ಮನಿಗೆ ಅಣ್ಣ ಅದೇ ಜಾಗಕ್ಕೆ ಇನ್ನೊಂದು ಕೊಟ್ಟ. ಕ್ಯಾಮೆರಾ ತನ್ನ ಪಾಡಿಗೆ ಕ್ಲಿಕ್ ಎನ್ನುತ್ತಿತ್ತು.

"ಇದು ಮುರಿದಾಗ ಎಂಟು ತಿಂಗಳು ಪೆನ್ಸಿಲ್ ಹಿಡಿದೋನು ಯಾರೋ?" ಅಣ್ಣನ ದನಿ ಏರಲಿಲ್ಲ. "ಒಬ್ಬ ಓದುಗನಿಗೂ ಗೊತ್ತಾಗ್ಲಿಲ್ಲ. ನಿನಗೆ ಗೊತ್ತಿತ್ತಲ್ಲ."

ತಮ್ಮ ಎಡಗೈಗೆ ಸಿಕ್ಕ ಉಕ್ಕಿನ ಅಡಿಪಟ್ಟಿಯನ್ನು ಬೀಸಿದ. ಅದರ ಅಂಚು ಅಣ್ಣನ ತುಟಿ ಸೀಳಿತು, ಒಂದು ಹಲ್ಲು ಮುರಿದು ನೆಲಕ್ಕುರುಳಿತು. ಎರಡನೇ ಏಟಿಗೆ ಹುಬ್ಬು ಒಡೆಯಿತು. ಅಣ್ಣ ಮುಖ ಮುಚ್ಚಿಕೊಳ್ಳಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಮೂರನೇ ಏಟಿಗೆ ಎತ್ತಿದ ಅಡಿಪಟ್ಟಿ ಗಾಳಿಯಲ್ಲೇ ನಿಂತಿತು. ಇಂದಿನ ಪುಟ ಬರೆಯಬಲ್ಲ ಕೈ ಈ ಕೋಣೆಯಲ್ಲಿ ಈಗ ಅಣ್ಣನದೊಂದೇ ಎಂದು ತಮ್ಮನಿಗೆ ಹೊಳೆಯಿತು. ತನಗೆ ಬರುವುದೆಲ್ಲ ಇವನಿಗೂ ಬರುತ್ತದೆ, ತನ್ನ ನೋವು ಎಲ್ಲಿದೆಯೆಂಬುದೂ ಗೊತ್ತು. ಮೂರು ಸಲ ಬರೆದರೂ ತಾನು ಖಳನಿಗೆ ಕೊಡದೆ ಉಳಿಸಿಕೊಂಡಿದ್ದು ಇದನ್ನೇ: ನಾಯಕನಿಗೆ ಸಮನಾದ ಕೈ, ನಾಯಕನ ನೋವಿನ ಗುರುತು.

ಗಂಟೆ ನಾಲ್ಕಾಗಿತ್ತು. ತಮ್ಮ ಅಡಿಪಟ್ಟಿ ಕೆಳಗಿಟ್ಟು ಪೆನ್ಸಿಲನ್ನು ಅಣ್ಣನತ್ತ ಚಾಚಿದ. ಅಣ್ಣ ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಮೇಜಿಗೆ ಕೂತು ಪೆನ್ಸಿಲ್ ಹಿಡಿದ. ತಮ್ಮ ಜೋತುಬಿದ್ದ ತೋಳನ್ನು ಹೊಟ್ಟೆಗೊತ್ತಿಕೊಂಡು ಪಕ್ಕದಲ್ಲಿ ನಿಂತ. ಹಲ್ಲು ಕಡಿಯುವ ಖಳನ ಮುಖ ಮೂಡುತ್ತಿದ್ದಂತೆ ತಡೆದ.

"ಅವನ ಮುಖ ಸಿಂಡರಿಸ್ಬೇಡ. ಹೊಡೆಯೋವಾಗ ನೀನು ಸಿಂಡರಿಸ್ಲಿಲ್ಲ."

ಅಣ್ಣ ಅಳಿಸಿ, ಶಾಂತವಾದ ಮುಖ ಬರೆದ. ಆಸ್ಪತ್ರೆಗೆ ಹೋಗಬೇಕೆಂದು ಕೈಸನ್ನೆ ಮಾಡಿದ. ಪುಟ ಮುಗಿಯಲಿ ಎಂದ ತಮ್ಮ, ಮುಖಪುಟವನ್ನು ಎಳೆದುಕೊಂಡು, ತನ್ನ ಹೆಸರಿಗಿಂತ ಮೇಲೆ ಅಣ್ಣನ ಹೆಸರನ್ನು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದ.

ಅಣ್ಣ ರಕ್ತದ ಬಟ್ಟೆಯನ್ನು ಬಾಯಿಂದ ತೆಗೆದ. "ಕೋಳಿ ಕೆದರಿದಂಗಿದೆ," ಅಂದ. "ಇಡು ಇಲ್ಲಿ, ಮಸಿ ನಾನು ತೀಡ್ತೀನಿ."