ಮನೆ ಮುಂದಿನ ಹುಲ್ಲು

ಹುಲ್ಲೇ ವಾಸಿ ಎಂದು ಮಾಣಿಕ ಇನ್ನೊಮ್ಮೆ ಹೇಳಿದ. ಹೆಂಡತಿ ಉಜ್ವಲಾ ರಸ್ತೆಯಾಚೆಗೆ ನೋಡುತ್ತ ನಿಂತಿದ್ದಳು.

ಭಾಲ್ಕಿಯ ಹೊರಗಿನ ನರ್ಸರಿ. ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಹುಲ್ಲಿನ ಗಿಡಗಳು ಸಾಲಾಗಿ ನಿಂತಿದ್ದವು. ಕಂದುಗೆಂಪು ಎಲೆ, ತುದಿಯಲ್ಲಿ ಬೆಕ್ಕಿನ ಬಾಲದಂಥ ಕುಚ್ಚು. ಗಾಳಿ ಬೀಸಿದರೆ ಎಲ್ಲವೂ ಒಂದೇ ಕಡೆಗೆ ಬಾಗುತ್ತಿದ್ದವು. ಅದು ಅವನಿಗೆ ಹಿಡಿಸಿತು.

"ಫೌಂಟನ್ ಗ್ರಾಸ್ ರೀ ಸಾಬ," ಎಂದ ನರ್ಸರಿಯ ಗೌಸೋದ್ದೀನ. "ಬೀದರದಾಗ ಹೊಸಾ ಮನಿ ಕಟ್ಟಿಸಿದವ್ರು ಇದೇ ಒಯ್ತಾರ. ಬೀಜ ಉದುರಂಗಿಲ್ಲ, ಕಸ ಆಗಂಗಿಲ್ಲ. ಎಲ್ಲಿ ಹಚ್ಚಿದ್ರಿ ಅಲ್ಲೇ ಇರ್ತದ. ಬೇಫಿಕರ್."

"ವಾಸನಿ?"

"ಹುಲ್ಲಿಗಿ ಎಲ್ಲಿ ವಾಸನಿ ರೀ?" ಗೌಸೋದ್ದೀನ ನಕ್ಕ. ಮಾಣಿಕ ನಗಲಿಲ್ಲ.

ರಸ್ತೆಯಾಚೆ ಹೊಲದ ಬದುವಿನ ಮೇಲೆ ತಂಗಡಿ ಗಿಡ, ಅಂದರೆ ಆವರಿಕೆ, ಮೈತುಂಬ ಹೂ ಬಿಟ್ಟಿತ್ತು. ಯಾರೂ ನೆಡದ, ಯಾರೂ ನೀರು ಹಾಕದ ಹಳದಿ.

"ಅದನ್ನ ಹಚ್ಚೋಣ್ರಿ," ಎಂದಳು ಉಜ್ವಲಾ. "ನಮ್ಮ ಮುರುಮಿನ ನೆಲಕ್ಕ ಅದಕ್ಕಿಂತ ಛಲೋದು ಯಾವುದದ? ಬೀಜ ಒಗದ್ರ ಸಾಕು."

ಮಾಣಿಕ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಎರಡನ್ನು ಪಕ್ಕಪಕ್ಕ ಇಟ್ಟು ತೂಗುವುದು ಅವನಿಗೆ ಉಸಿರಾಟದಷ್ಟು ಸಲೀಸು. ಕಾರಣಗಳನ್ನು ಒಂದೊಂದಾಗಿ ಹೇಳಿದ. ತಂಗಡಿ ಕಾಡುಗಿಡ, ಹೇಳಿದಂತೆ ಕೇಳುವುದಿಲ್ಲ. ಅದರ ಬೇರು ಪಾಯದ ಕಡೆ ಹೋಗುತ್ತದೆ. ಹೂ ಹೋದ ಮೇಲೆ ಒಣಗಿದ ಕಾಯಿ ತಿಂಗಳುಗಟ್ಟಲೆ ಜೋತಾಡುತ್ತದೆ. ಜೇನು ಮುತ್ತುತ್ತದೆ. ಕಾಲನಿಯವರು ಕಸ ಬೆಳೆಸಿದ್ದಾರೆ ಎನ್ನುತ್ತಾರೆ. ಹುಲ್ಲಾದರೆ ವರ್ಷವಿಡೀ ಒಂದೇ ಥರ.

"ಇಷ್ಟೇ ಏನು?" ಎಂದಳು.

"ಇಷ್ಟು ಸಾಲದೇನು?"

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಕಣ್ಣಿನ ಡಾಕ್ಟರು ಬೆಳಕು ಬಿಟ್ಟಾಗ ಕೂರುವಂತೆ, ಆ ನೋಟದೆದುರು ರೆಪ್ಪೆ ಬಡಿಯದೆ ನಿಲ್ಲುವುದನ್ನು ಅವನು ಮದುವೆಯಾದ ಮೇಲೆ ಕಲಿತಿದ್ದ.

ಗೌಸೋದ್ದೀನ ಗಿಡಗಳನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟ. ಔರಾದದ ದಾರಿಯುದ್ದಕ್ಕೂ ಕುಚ್ಚುಗಳು ಮಾಣಿಕನ ಕುತ್ತಿಗೆ ಸವರುತ್ತಿದ್ದವು. ಬದುಗಳ ಮೇಲೆಲ್ಲ ಹಳದಿ. ಅವನು ಡಾಂಬರನ್ನಷ್ಟೇ ನೋಡಿದ.

ಎಕಂಬಾದಲ್ಲಿ ಅಣ್ಣ ಜ್ಞಾನೇಶ್ವರನ ಮನೆ. ಅಣ್ಣ ಹೊಲಕ್ಕೆ ಹೋಗಿದ್ದ. ಅವ್ವ ಭಾಗೀರಥಿಬಾಯಿ ಕೈಗಂಟಿದ ಹಿಟ್ಟು ಒರೆಸಿಕೊಳ್ಳುತ್ತ ಬಂದು ಕಾರಿನೊಳಗೆ ಇಣುಕಿದಳು.

"ಇದೇನೋ ಮಾಣಿಕಾ, ಕಸಬರಿಗಿ ಹುಲ್ಲು?"

"ಮನಿ ಮುಂದ ಹಚ್ಚಲಿಕ್ಕವ್ವಾ."

"ನಾ ತಂಗಡಿ ಅಂದೆ ಅತ್ತಿ," ಎಂದಳು ಉಜ್ವಲಾ. "ಇವರು ಬ್ಯಾಡಂದ್ರು."

ಭಾಗೀರಥಿಬಾಯಿಗೆ ನಗು ತಡೆಯಲಿಲ್ಲ. "ಅಂವ ಹ್ಯಾಂಗ ಒಪ್ತಾನವಾ? ಅವನ ಮುತ್ಯಾ, ನಮ್ಮ ಮಾವ, ತಂಗಡಿ ತೊಗಟಿ ಕುಟ್ಟಿ ಗುಂಡಿಗಿ ಹಾಕಿ ತೊಗಲು ಹದಾ ಮಾಡ್ತಿದ್ದ. ಅವನ ಕೈಯಾಗಿನ ತೊಗಲಂದ್ರ ಔರಾದ ಬಜಾರದಾಗ ಹೆಸರಿತ್ತು. ಇಂವ ಸಾಲಿಗಿ ಹೋಗಾಗ ಅಂಗಿ ಮೂಸಿ ಮೂಸಿ ನೋಡಕೋತ ಹೋಗಾಂವ."

ಮಾಣಿಕ ಗಡಿಯಾರ ನೋಡಿಕೊಂಡ. ಎಷ್ಟಾಗಿತ್ತು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಮುತ್ಯಾ ನಿಜಾಮನ ಕಾಲದಾಗ ಕಚೇರಿ ನೌಕರ ಇದ್ರು ಅಂದಿದ್ರಿ," ಎಂದಳು ಉಜ್ವಲಾ, ಮೆಲ್ಲಗೆ.

"ಅಂದಿದ್ದೆ."

"ಯಾಕ?"

"ಯಾರೋ ಕೇಳಿದ್ರು. ಅಂದೆ."

"ನಾ ಕೇಳಿದ್ದೆ."

ಅವಳ ತಂದೆ ಸಾಲಿ ಮಾಸ್ತರರು, ಇವರದೇ ಸಮಾಜದವರು. ಅವರ ಮನೆಯ ಗೋಡೆಯ ಮೇಲೂ ಈ ಮನೆಯ ಗೋಡೆಯ ಮೇಲೂ ಕಣ್ಣು ಮುಚ್ಚಿದ ಬುದ್ಧನ ಅದೇ ಪಟ. ಅವಳೆದುರು ನಾಚಿಕೊಳ್ಳುವಂಥದ್ದು ಏನೂ ಇರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿರುವುದರಿಂದ ಏನೂ ಉಪಯೋಗವಾಗಿರಲಿಲ್ಲ, ಅಷ್ಟೇ.

ಊಟ ಮುಗಿಯಿತು. ಅತ್ತೆ ಸೊಸೆ ಹಿತ್ತಲಿಗೆ ಹೋದರು. ಅವನು ಪಡಸಾಲೆಯ ಮಂಚದ ಮೇಲೆ ಕೂತು ಫೋನಿನಲ್ಲಿ ಹುಲ್ಲಿಗೆ ಎಷ್ಟು ಆಳದ ಗುಂಡಿ ಬೇಕೆಂದು ಹುಡುಕಿದ. ಹಿತ್ತಲಿಂದ ಕಲ್ಲಿಗೆ ಕಲ್ಲು ಬಡಿಯುವ ಸಪ್ಪಳ ಬಂತು. ಆಮೇಲೆ ಇಬ್ಬರೂ ನಕ್ಕ ಸಪ್ಪಳ. ಉಜ್ವಲಾ ಹೀಗೆ ನಕ್ಕದ್ದನ್ನು ಕೇಳಿ ಬಹಳ ದಿನವಾಗಿತ್ತು ಎನ್ನಿಸಿತು. ಏನಕ್ಕೆ ನಗುತ್ತಿದ್ದಾರೆಂದು ಎದ್ದು ನೋಡಬೇಕೆನ್ನಿಸಲಿಲ್ಲ.

ಅವಳೇ ಬಂದಳು. ತಂಗಡಿಯ ತೊಗಟೆ ಜಜ್ಜಿ ಬೆರಳು ಕಂದಾಗಿದ್ದವು.

"ಮೂಸಿ ನೋಡ್ರಿ," ಎಂದು ಕೈ ಅವನ ಮುಖದ ಹತ್ತಿರ ತಂದಳು. ಅವಳ ಮುಖದಲ್ಲಿ ಇನ್ನೂ ನಗುವಿತ್ತು. "ಹಸಿ ಕಟಗಿ ವಾಸನಿ, ಅಷ್ಟ. ನೋಡ್ರಿ."

ಅವನು ಮೂಸಬೇಕೆಂದೇ ಇದ್ದ. ಕುತ್ತಿಗೆ ತಾನಾಗಿ ಹಿಂದಕ್ಕೆ ಸರಿಯಿತು.

ಅವಳ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಉಳಿಯಿತು. ಕೆಳಗಿಳಿಯುವ ಹೊತ್ತಿಗೆ ನಗು ಹೋಗಿತ್ತು.

"ಮುಂಜಾನಿ ಅಷ್ಟೆಲ್ಲಾ ಕಾರಣ ಹೇಳಿದ್ರಿ," ಎಂದಳು. "ಎಲ್ಲಾ ಕೂಡಿ ಒಂದೂ ಖರೇ ಇದ್ದಿಲ್ಲ."

"ಬೇರು ಪಾಯಕ್ಕ ಹೋಗೋದು ಖರೇನ ಅದ."

ಹೇಳಿದ ಮೇಲೆ, ಇದನ್ನು ಹೇಳಬಾರದಿತ್ತೆಂದು ಅವನಿಗೆ ಹೊಳೆಯಿತು.

"ನಾ ಇವತ್ತ ಇಲ್ಲೇ ಇರ್ತೇನಿ, ಅತ್ತಿ ಜೋಡಿ."

"ನಾಳಿ ಡ್ಯೂಟಿ?"

"ರಜಾ ಹಾಕ್ತೇನಿ."

"ನಾಳಿ ಸಂಜಿಗಿ ಬಂದು ಕರಕೊಂಡು ಹೋಗ್ಲಿ?"

"ಫೋನ್ ಮಾಡ್ತೇನಿ," ಎಂದಳು. ಯಾವಾಗ ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ. ಅವ್ವ ಮಾತ್ರ ಕಾರಿನ ತನಕ ಬಂದು, "ಕೇಳಬಾರದೇನೋ, ಬಾ ಅಂತ?" ಎಂದಳು. ಅವನು ಗಾಡಿ ಚಾಲೂ ಮಾಡಿದ.

ಔರಾದ ದಾಟುವಾಗ ಅವನಿಗೆ ಹಗುರೆನ್ನಿಸಿತು. ಇದೇಕೆ ಹೀಗೆ ಎಂದು ಬೇರೆಯವರ ಪ್ರಶ್ನೆಪತ್ರಿಕೆ ನೋಡುವಂತೆ ಯೋಚಿಸಿದ. ಮುಂದಿನ ಊರು ಬರುವಷ್ಟರಲ್ಲಿ ಆ ಹಗುರವೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಹುಲ್ಲು ಸರಸರ ಎನ್ನುತ್ತಿತ್ತು.

ಬೀದರದ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಬಟ್ಟೆ ಸಹ ಬದಲಿಸದೆ ಸಲಾಕೆ ಹಿಡಿದು ಮುರುಮು ಅಗೆದ. ಕೆಂಪು ಧೂಳು ಬೂಟಿನೊಳಗೆ ಹೊಕ್ಕಿತು. ಗಿಡಗಳನ್ನು ಕಾಂಪೌಂಡಿನುದ್ದಕ್ಕೂ ಒಂದರ ಪಕ್ಕ ಒಂದು ನೆಟ್ಟು, ನೀರು ಹಾಕಿ, ದೂರ ನಿಂತು ನೋಡಿದ. ನೇರವಾಗಿದ್ದವು.

ಪಕ್ಕದ ಮನೆಯ ಸಲಾವೋದ್ದೀನ ಗೋಡೆಯ ಮೇಲಿಂದ ಇಣುಕಿದರು. "ಭಾರಿ ಛಂದ ಕಾಣ್ತದ ಸರ್. ಮೇಡಂ ಅವರ ಪಸಂದೇನ್ರೀ?"

"ಹೌದ್ರಿ," ಎಂದ ಮಾಣಿಕ.

"ಎಲ್ಲಿ, ಕಾಣವಲ್ರು?"

"ಒಳಗಿದ್ದಾಳ."

ಸಲಾವೋದ್ದೀನ ತಲೆಯಾಡಿಸಿ ಒಳಗೆ ಹೋದರು. ಮಾಣಿಕ ತನ್ನ ಮನೆಯ ಬಾಗಿಲ ಕಡೆ ನೋಡಿದ. ಬೀಗ ಹಾಗೇ ಇತ್ತು. ತೆಗೆಯುವುದಕ್ಕೆ ಕಾರಣ ಸಿಗಲಿಲ್ಲ.

ಓಣಿಯಲ್ಲಿ ಒಂದು ಎಮ್ಮೆ ಬಂತು. ಹಿಂದೆ ಯಾರೂ ಇರಲಿಲ್ಲ. ಗೇಟಿನೆದುರು ನಿಂತು ಒಳಗೆ ನೋಡಿತು. ಬೇರೆ ದಿನವಾಗಿದ್ದರೆ ಓಡಿಸುತ್ತಿದ್ದ. ಇವತ್ತು ಗೇಟು ತೆರೆದ. ಎಮ್ಮೆ ಒಳಗೆ ಬರಲಿಲ್ಲ.

ಹೊಸ ಗಿಡದಿಂದ ಒಂದು ಹಿಡಿ ಹುಲ್ಲು ಕಿತ್ತು ಅದರ ಬಾಯಿಯ ಹತ್ತಿರ ಹಿಡಿದ. ಎಲೆಯ ಅಂಚು ಅಂಗೈ ಗೀರಿತು. ಒದ್ದೆ ಮೂಗು ಹತ್ತಿರ ಬಂತು. ಬಿಸಿ ಉಸಿರು ಮಣಿಕಟ್ಟಿಗೆ ತಾಗಿತು. ಎಮ್ಮೆ ಬಹಳ ಹೊತ್ತು ಮೂಸಿ ಮುಖ ತಿರುಗಿಸಿತು.

"ತಿನ್ನು," ಎಂದ. ತನ್ನ ದನಿ ತನಗೇ ದೊಡ್ಡದಾಗಿ ಕೇಳಿಸಿತು.

ಎಮ್ಮೆ ಚರಂಡಿಯ ದಂಡೆಗೆ ಹೋಗಿ, ನೆನೆದ ರಟ್ಟಿನ ಡಬ್ಬಿಯೊಂದನ್ನು ಕಾಲಿನಿಂದ ಒತ್ತಿ ಹಿಡಿದು, ಹರಿದು ಹರಿದು ನಿಧಾನವಾಗಿ ಅಗಿಯತೊಡಗಿತು. ಮಾಣಿಕ ತೆರೆದ ಗೇಟಿನಲ್ಲಿ ಹುಲ್ಲು ಹಿಡಿದ ಕೈಯನ್ನು ಮುಂದಕ್ಕೆ ಚಾಚಿಯೇ ನಿಂತಿದ್ದ.