ಮಡ್ಡಿ ಹಾಲ್ಟಿನ ಬೆಂಚು

ಮಡ್ಡಿ ಹಾಲ್ಟಿನ ಇತಿಹಾಸವನ್ನು ರೈಲ್ವೆಯವರಲ್ಲಿ ಕೇಳಿದರೆ ಎರಡೇ ಮಾತಿನಲ್ಲಿ ಮುಗಿಸುತ್ತಾರೆ: ತೆರೆದೆವು, ಮುಚ್ಚಿದೆವು. ನನ್ನನ್ನು ಕೇಳಿ. ಖಾನಾಪುರದಿಂದ ಬೆಳಗಾವಿಯ ಉದ್ಯಮಬಾಗಕ್ಕೆ ಕೆಲಸಕ್ಕೆ ಬರುವ ನಮ್ಮಂಥವರಿಗೆ ಅದು ಯಾರೋ ಕೊಟ್ಟ ನಿಲ್ದಾಣವಲ್ಲ, ನಾವು ಕಿತ್ತುಕೊಂಡದ್ದು.

ಮೊದಲು ಅಲ್ಲಿ ರೈಲು ನಿಲ್ಲುತ್ತಿರಲಿಲ್ಲ. ನಾವು ದುಡಿಯುವ ಫೌಂಡ್ರಿಯ ಹಿಂದಿನ ಏರಿನಲ್ಲಿ ಅದರ ವೇಗ ತಗ್ಗಿದಾಗ ಗಂಡಸರು ಜಿಗಿಯುತ್ತಿದ್ದರು. ಹಾಗೆ ಜಿಗಿದ ಬಾಬಾಜಾನ ಒಂದು ಕಾಲು ಕಳೆದುಕೊಂಡ. ಮರುದಿನ ಅವನ ಹೆಂಡತಿ ರಾಜಬೀ ಹೋಗಿ ಹಳಿಯ ಮೇಲೆ ಕುಳಿತಳು. ಅವಳ ಹಿಂದೆ ನಾವೆಲ್ಲ ಕುಳಿತೆವು. ಕೊನೆಗೂ ಹಾಲ್ಟ್ ಆಯಿತು, ಟಿಕೆಟ್ ಮಾರುವ ಕೆಲಸ ರಾಜಬೀಗೇ ಬಂತು. ಒಂದು ತಗಡಿನ ಶೆಡ್ಡು, ಒಂದು ಹೆಸರಿನ ಬೋರ್ಡು ಕೊಟ್ಟು ರೈಲ್ವೆಯವರು ಕೈತೊಳೆದುಕೊಂಡರು. ಕೂರಲು ಏನೂ ಇರಲಿಲ್ಲ.

ಬೆಂಚನ್ನು ನಮ್ಮ ಫೌಂಡ್ರಿಯಲ್ಲೇ ಎರಕ ಹೊಯ್ದೆವು. ಎರಕ ಒಳಗೆ ಪೊಳ್ಳಾಗಬೇಕಾದರೆ ಅಚ್ಚಿನ ನಡುವೆ ಉಸುಕಿನಿಂದ ಮಾಡಿದ ಕೋರ್ ಇಡಬೇಕು. ಕೋರ್ ಮಾಡುವವಳು ನಾನು, ಮಾಡಿ ಕೊಟ್ಟಿದ್ದೆ. ಇಡಬೇಕಾದ ಸಾತಪ್ಪ ಹರಟೆಯ ಭರದಲ್ಲಿ ಮರೆತು ಕಬ್ಬಿಣ ಸುರಿದೇಬಿಟ್ಟ. ಬೆಂಚು ಇಡಿಯಾಗಿ ಗಟ್ಟಿ ಕಬ್ಬಿಣವಾಯಿತು. ಅದನ್ನು ಹಾಲ್ಟಿಗೆ ಸಾಗಿಸುವಷ್ಟರಲ್ಲಿ ಎಲ್ಲರಿಗೂ ನಡು ಹಿಡಿಯಿತು.

"ಸಾತಪ್ಪ, ನಿನ್ನ ತಲ್ಯಾಗಿರೂ ಪೊಳ್ಳು ಈ ಬೆಂಚಿಗೆ ಹಾಕಬೇಕಿತ್ತ ನೋಡು" ಎಂದು ರಾಜಬೀ ವರ್ಷಗಟ್ಟಲೆ ಕಾಡಿದಳು.

ಕೊರೋನಾ ಬಂತು, ರೈಲು ನಿಂತವು. ಆಮೇಲೆ ಓಡತೊಡಗಿದವು, ಮಡ್ಡಿಯಲ್ಲಿ ಮಾತ್ರ ನಿಲ್ಲಲಿಲ್ಲ. ನಾವು ಬಸ್ಸು ಹಿಡಿದೆವು. ಅದು ನಮ್ಮ ಫೌಂಡ್ರಿಯ ಮುಂದೆಯೇ ಹಾಯ್ದು, ನಿಲ್ಲದೆ, ಊರೊಳಗೆ ಹೋಗುತ್ತಿತ್ತು. ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಗೇಟು ಹಾಕಿರುತ್ತಿದ್ದರು.

"ಇನ್ನೊಮ್ಮೆ ತಡಾ ಆದರ ಕೆಲಸಕ್ಕ ಬರಬ್ಯಾಡ ನೋಡವಾ" ಎಂದ ಮ್ಯಾನೇಜರ. ನನ್ನ ಮೈಯೆಲ್ಲ ಉರಿಯಿತು. ದಿನವೂ ಬಸ್ಸಿನ ಕಿಟಕಿಯಾಚೆ ಫೌಂಡ್ರಿ, ನನ್ನ ಅನ್ನ, ಹಿಂದೆ ಸರಿಯುತ್ತಿದ್ದರೆ ಕಂಡಕ್ಟರನದು ಒಂದೇ ಮಂತ್ರ: "ಇಲ್ಲಿ ಸ್ಟಾಪ್ ಇಲ್ರೀ."

ಅದೇ ವಾರ ಹಾಲ್ಟು ಕೀಳಲು ರೈಲ್ವೆ ಗುತ್ತಿಗೆದಾರನ ಆಳುಗಳು ಟ್ರಕ್ಕು ತಂದರು. ಶೆಡ್ಡು ಹೋಯಿತು, ಬೋರ್ಡು ಹೋಯಿತು. ಬೆಂಚಿಗೆ ಕೈ ಹಚ್ಚಿದವರು ಮಾತ್ರ ಏದುಸಿರು ಬಿಟ್ಟರು.

"ನಿಮ್ಮದಾದರ ಒಯ್ರಿ" ಎಂದಳು ರಾಜಬೀ, ಚಹಾ ಸೋಸುತ್ತ; ಟಿಕೆಟ್ ಕೆಲಸ ಹೋದ ಮೇಲೆ ಅಲ್ಲೇ ಚಹಾ ಮಾರುತ್ತಿದ್ದಳು. ಬೈದುಕೊಂಡು ಹೊರಟೇ ಹೋದರು. ಸಾತಪ್ಪನನ್ನು ಅವಳು ಹೊಗಳಿದ್ದು ಅಂದೇ ಮೊದಲು.

ಸಂಜೆ ಶಿಫ್ಟು ಬಿಟ್ಟೊಡನೆ ಫೌಂಡ್ರಿಯಲ್ಲಿ ಭಾರ ಎತ್ತುವ ಚೈನ್ ಪುಲ್ಲಿ, ಟ್ರಾಲಿ ತಂದೆವು. ಬೆಂಚನ್ನು ಫೌಂಡ್ರಿಯ ಮುಂದೆ, ಖಾನಾಪುರ ರಸ್ತೆಯ ಡಾಂಬರಿನ ಮೇಲೇ ಇಳಿಸಿ ಕುಳಿತೆವು. ಬಸ್ಸು ಬಂತು, ಹಾರ್ನು ಹೊಡೆಯಿತು, ನಿಂತಿತು. ಬೆಳಗಿನ ಕಂಡಕ್ಟರನೇ ಕೆಳಗಿಳಿದ.

"ಏನ್ರಿ ಇದು? ತಗೀರಿ!"

"ನೀವ ತಗೀರಿ" ಎಂದು ರಾಜಬೀ ಎದ್ದು ಜಾಗ ಬಿಟ್ಟಳು. ನಾವೂ ಎದ್ದೆವು.

ಕಂಡಕ್ಟರ್, ಡ್ರೈವರ್, ಇನ್ನು ಕೆಲವರು ಸೇರಿ ಜಗ್ಗಿದರು. ಬೆಂಚು ಮಿಸುಕಲಿಲ್ಲ.

"ಯಾರದ್ರಿ ಇದು?"

"ಮಡ್ಡಿ ಟೇಶನ್ದು."

"ಟೇಶನ್ ಬಂದ್ ಆಗೇತಲ್ರಿ!"

"ಬಂದ್ ಮಾಡಿದವರು ತಮ್ಮ ತಗಡ ಒಯ್ದಾರ. ನನ್ನ ಗಂಡನ ಕಾಲ ಹೋಗಿ ಆದ ಟೇಶನ್ ಇದು, ಹಂಗ ಹೋಗೂದಿಲ್ಲ. ದಿನಾ ಇಲ್ಲಿ ನಿಂದ್ರಸ್ತೀನಿ ಅಂತ ಮಾತ ಕೊಡ್ರಿ, ಬಾಜೂಕ ಸರಸ್ತೀವಿ."

ಹಿಂದೆ ಹಾರ್ನುಗಳ ಸಂತೆ ನೆರೆಯಿತು. ಡ್ರೈವರ್ ಮುಖ ಒರೆಸಿಕೊಂಡು ಕಂಡಕ್ಟರನನ್ನು ನೋಡಿದ.

"ಆತು, ನಿಂದ್ರಸ್ತೀವಿ. ಸರಸ್ರಿ ಮೊದಲ" ಎಂದ ಕಂಡಕ್ಟರ್.

ಸರಿಸಿದೆವು, ರಸ್ತೆಯ ಅಂಚಿಗೆ. ಮಾತು ತಪ್ಪಿದರೆ ಮತ್ತೆ ನಡುವೆ ತರುವಷ್ಟು ಹತ್ತಿರಕ್ಕೆ.

ಮರುದಿನ ಬೆಳಿಗ್ಗೆ ಹಲ್ಲು ಕಚ್ಚಿ ಬಾಗಿಲ ಬಳಿಯೇ ನಿಂತಿದ್ದೆ. ಫೌಂಡ್ರಿ ಕಾಣುತ್ತಲೇ ಕಂಡಕ್ಟರ್ ಸೀಟಿ ಊದಿದ. ಗೇಟು ಇನ್ನೂ ತೆರೆದಿತ್ತು.

"ಮಡ್ಡಿ ಟೇಶನ್! ಇಳೀರಿ, ಲಗೂ ಇಳೀರಿ!"

ಹೊಸಬನೊಬ್ಬ ಕಿಟಕಿಯಿಂದ ಹೊರಗೆ ಹಣಿಕಿದ. ಬೆಂಚಿನ ಮೇಲೆ ರಾಜಬೀ ಕಾಲು ಚಾಚಿ ಕುಳಿತಿದ್ದಳು.

"ಇದೆಂಥಾ ಟೇಶನ್ರಿ?"

"ಎತ್ತಾಕ ಬರಲಾರದ್ದು" ಎಂದ ಕಂಡಕ್ಟರ್.