ಸೊಂಟದ ಬೀಗದಕೈ

ಒಟಿಲಿಯಾ ಎಡಗೈಯಲ್ಲಿ ಬಟ್ಟೆಯ ಚೀಲ ಹಿಡಿದು ಬಲಗೈಯಿಂದ ಬೀಗವನ್ನು ಎಳೆದಳು. ಬರಲಿಲ್ಲ. ಚೀಲ ಕೆಳಗಿಟ್ಟು ಎರಡೂ ಕೈಯಿಂದ ಜಗ್ಗಿದಳು. ಜಗಲಿಯ ಕಬ್ಬಿಣದ ಗೇಟು ಗಡಗಡ ಅಂದಿತೇ ಹೊರತು ಬೀಗ ಬಾಯಿ ಬಿಡಲಿಲ್ಲ.

ರಸ್ತೆಯಲ್ಲಿ ಬಾಡಿಗೆ ವ್ಯಾನು ನಿಲ್ಲಿಸಿಕೊಂಡಿದ್ದ ಮೊಂಚೋ ಇಳಿದು ಬಂದ. "ಬೀಗದಕೈ ಎಲ್ಲಿ, ದೋನ್ಯಾ ಒಟಿಲಿಯಾ?"

"ಎಲ್ಲಿರುತ್ತೆ? ಯಾವಾಗ್ಲೂ ಇರೋ ಕಡೆ. ಅವರ ಸೊಂಟದಲ್ಲಿ."

ಮೊಂಚೋ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. "ಅಯ್ಯೋ ದೇವರೇ! ಅವರು ಪೆಟ್ಟಿಗೆ ಒಳಗೆ..."

"ಅವರು ಪೆಟ್ಟಿಗೆ ಒಳಗೆ. ನಾನು ಇದರೊಳಗೆ."

ಆದದ್ದಿಷ್ಟು. ಬೆಳಿಗ್ಗೆ, ತೀರಿಕೊಂಡಿದ್ದ ಅವಳ ಗಂಡ ದೋನ್ ತಿವೋಗೆ ಕೊರಿಯಾ ಯುದ್ಧದ ಹಳೆಯ ಸಮವಸ್ತ್ರ ತೊಡಿಸುವಾಗ ಮಗ ಎಫ್ರಾಯಿನ್ ಬೀಗದಕೈಯನ್ನೂ ಬೆಲ್ಟಿಗೆ ಸಿಕ್ಕಿಸಿದ್ದ. "ಇದಿಲ್ದಿದ್ರೆ ಅಪ್ಪ ಅಪ್ಪನ ಥರಾನೇ ಕಾಣಲ್ಲ" ಅಂದಿದ್ದ. ಮನೆಯವರೆಲ್ಲ ಗೊಳೋ ಎಂದು ಅತ್ತಿದ್ದರು. ಆಮೇಲೆ ಹೆಣ ಹೊರಟಾಗ, ಕೊನೆಯಲ್ಲಿ ಹೊರಬಿದ್ದ ಎಫ್ರಾಯಿನ್, ಆ ಮನೆಯ ಮಕ್ಕಳಿಗೆ ಹಾಲು ಕುಡಿಯುವಾಗಿನಿಂದ ಕಲಿಸಿದ್ದನ್ನೇ ಮಾಡಿದ: ಕೊನೆಗೆ ಹೋಗುವವನು ಬೀಗ ಒತ್ತಬೇಕು. ಒತ್ತಿದರೆ ಸಾಕು, ಮುಚ್ಚಿಕೊಳ್ಳುವ ಬೀಗ ಅದು.

ಒಟಿಲಿಯಾ ಆಗ ಅಡುಗೆಮನೆಯಲ್ಲಿ ಮೊಣಕಾಲು ತಿಕ್ಕುತ್ತಾ ಕೂತಿದ್ದಳು. ಸ್ಮಶಾನದ ಏರು ಹತ್ತಲಾರೆ ಎಂದಿದ್ದಳು. ಅದು ಶುದ್ಧ ಸುಳ್ಳು. ಕಡಲ ತೀರದಲ್ಲಿರುವ ತಂಗಿ ಫೆಲಿಸಿತಾಳ ಮನೆಗೆ ಹೊರಟುಬಿಡಬೇಕು, ಯಾರೂ ಇಲ್ಲದಾಗಲೇ ಹೊರಡಬೇಕು ಎಂದು ಗಂಡ ಹಾಸಿಗೆ ಹಿಡಿದ ವಾರವೇ ನಿಶ್ಚಯಿಸಿದ್ದಳು. ಮದುವೆಯಾದ ಮೇಲೆ ಅವಳು ಬೇರೊಂದು ಮನೆಯಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ. ಮಕ್ಕಳು ಕಣ್ಣೀರು ಹಾಕಿದರೆ ತನ್ನ ಕಾಲು ಏಳುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹಿತ್ತಲ ಬಾಗಿಲು?" ಮೊಂಚೋ ಕೇಳಿದ.

"ಚಂಡಮಾರುತದ ಮಾರನೇ ವರ್ಷವೇ ಬೆಸುಗೆ ಹಾಕ್ಸಿಬಿಟ್ರು. ಕಿಟಕಿಗೆಲ್ಲ ಕಬ್ಬಿಣ. ಈ ಮನೇಲಿ ಇಲಿ ಬರ್ಬೇಕಾದ್ರೂ ಅವರ ಅಪ್ಪಣೆ ಬೇಕಿತ್ತು."

"ಪಕ್ಕದ ಮನೆ ತಾತೋ ಹತ್ರ ಬೀಗ ಕತ್ತರಿಸೋ ಕಟ್ಟರ್ ಇದೆ. ಆದ್ರೆ ಅವನೂ ಹೆಣ ಹೊರೋಕೆ ಹೋಗಿದ್ದಾನೆ."

ಗುಡ್ಡದ ಮೇಲಿನ ಸ್ಮಶಾನದಿಂದ ಸೈನಿಕ ಗೌರವದ ಬಂದೂಕುಗಳ ಸದ್ದು ಕೇಳಿತು. ಆಮೇಲೆ ತುತ್ತೂರಿ. ಒಟಿಲಿಯಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತೂಗುಕುರ್ಚಿಯಲ್ಲಿ ಕೂತಳು. ಕಣ್ಣಲ್ಲಿ ನೀರು ಬಂತು. ಗಂಡನಿಗಾಗಿಯೋ ಬೀಗಕ್ಕಾಗಿಯೋ ಅವಳಿಗೇ ತಿಳಿಯಲಿಲ್ಲ.

*

ಮದುವೆಯ ಮೊದಲ ರಾತ್ರಿ ತಿವೋ ಮೂರು ಸಲ ಎದ್ದು ಬಾಗಿಲು ನೋಡಿ ಬಂದಿದ್ದ. ಕೊನೆಗೆ ಅವಳೇ ಕೇಳಿದಳು.

"ಅಲ್ಲಿ, ಕೊರಿಯಾದಲ್ಲಿ, ಹಿಮ ಬೀಳ್ತಿತ್ತು," ಅಂದ. "ಮುಳ್ಳುತಂತಿ ಬಾಗಿಲು ಯಾರೋ ಹಾಕಿರ್ಲಿಲ್ಲ. ಬೆಳಗಾದಾಗ ನಮ್ಮ ಕಂದಕದಲ್ಲಿ ನಾನೊಬ್ಬನೇ ಉಳಿದಿದ್ದೆ." ಮತ್ತೆಂದೂ ಆ ಮಾತೆತ್ತಲಿಲ್ಲ.

ಅವನು ಕೈ ಎತ್ತಿದವನಲ್ಲ, ಕುಡಿದವನಲ್ಲ. ಚಂಡಮಾರುತದಲ್ಲಿ ಇಡೀ ಬೀದಿಯನ್ನು ಒಳಗೆ ಕರೆದು ಇದೇ ಗೇಟಿಗೆ ಬೆನ್ನುಕೊಟ್ಟು ನಿಂತವನು. ಆದರೆ ಸಂಜೆ ಇಗರ್ಜಿಯ ಗಂಟೆ ಹೊಡೆದರೆ ಮುಗಿಯಿತು: ಗೇಟು ಹಾಕಿ, "ಎಲ್ಲರೂ ಒಳಗಿದ್ದೀರಾ?" ಎಂದು ಕೂಗುತ್ತಿದ್ದ. ಒಬ್ಬೊಬ್ಬರೂ "ಇದ್ದೀನಿ" ಅನ್ನಬೇಕು. ಒಟಿಲಿಯಾ ಕೊನೆಯವಳು. ಅವಳ ದನಿ ಕೇಳಿದ ಮೇಲೆಯೇ ಬೀಗ.

ಒಮ್ಮೆ ತಂಗಿಯ ಬಾಣಂತನಕ್ಕೆ ಹೋಗಲೇಬೇಕೆಂದು ಅವಳು ಹಟ ಹಿಡಿದಳು. ತಿವೋ ಬೀಗದಕೈ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಆಮೇಲೆ ಗೋಡೆಗೆ ಒರಗಿ ಕೂತು ನಡುಗತೊಡಗಿದ. ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ನಡುರಾತ್ರಿಯ ಹೊತ್ತಿಗೆ ಅವಳೇ ಬೀಗದಕೈಯನ್ನು ಅವನ ಬೆಲ್ಟಿಗೆ ಸಿಕ್ಕಿಸಿದಳು. ಮತ್ತೆಂದೂ ಕೇಳಲಿಲ್ಲ.

*

ಮಣ್ಣು ಮುಗಿಸಿ ಜನ ಹಿಂತಿರುಗಿದರು. ಅಪ್ಪನ ಪೆಟ್ಟಿಗೆಗೆ ಹೊದಿಸಿದ್ದ, ಈಗ ಮುಕ್ಕೋನವಾಗಿ ಮಡಿಸಿದ ಬಾವುಟವನ್ನು ಎದೆಗೆ ಅವಚಿಕೊಂಡು ಎಫ್ರಾಯಿನ್ ಎಲ್ಲರಿಗಿಂತ ಮುಂದೆ ಬಂದ. ಗೇಟಿನ ಬಳಿ ನಿಂತು ಜೇಬು ತಡಕಿದ. "ಮಿಗ್ದಾಲಿಯಾ, ಬೀಗದಕೈ ಕೊಡೇ."

"ನನ್ನತ್ರ ಎಲ್ಲಿದೆಯೋ? ನೀನೇ ತಾನೇ..." ಅಕ್ಕ ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡಳು.

ಯುದ್ಧದಲ್ಲಿ ತಿವೋನ ಜೊತೆಗಿದ್ದ ಮುದುಕ ಚಾಲೋ ಗೊಳ್ಳನೆ ನಕ್ಕ. "ಮಣ್ಣಾದ ಮೇಲೂ ಕಾವಲು ಬಿಟ್ಟಿಲ್ಲ ನೋಡ್ರಪ್ಪಾ ನಮ್ಮ ಸಾರ್ಜೆಂಟು! ಈಗೇನು, ಮತ್ತೆ ಅಗೀಬೇಕಾ?"

ಜನವೆಲ್ಲ ನಕ್ಕಿತು. ನಗುತ್ತಲೇ ಒಬ್ಬೊಬ್ಬರ ಕಣ್ಣೂ ಒಟಿಲಿಯಾಳ ತೊಡೆಯ ಮೇಲಿನ ಚೀಲದ ಮೇಲೆ, ಆಮೇಲೆ ಮೊಂಚೋನ ವ್ಯಾನಿನ ಮೇಲೆ ಬಿತ್ತು. ನಗು ನಿಂತಿತು.

"ಅಮ್ಮಾ, ಏನದು?" ಮಿಗ್ದಾಲಿಯಾ ಕೇಳಿದಳು.

"ಬಟ್ಟೆ."

"ಎಲ್ಲಿಗೆ?"

"ಫೆಲಿಸಿತಾ ಮನೆಗೆ."

"ಇವತ್ತಾ? ಅಪ್ಪನ ಆತ್ಮಕ್ಕೆ ಒಂಬತ್ತು ರಾತ್ರಿ ಜಪಮಾಲೆ ಪ್ರಾರ್ಥನೆ ಇದೆ! ಹೆಂಡ್ತಿನೇ ಇಲ್ದೆ ಜಪ ಮಾಡಿದ್ರೆ ಊರು ಏನಂದೀತು? ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ?"

"ಐವತ್ತು ವರ್ಷ ನಾನು ಕಾವಲಿದ್ದೆ. ಒಂಬತ್ತು ರಾತ್ರಿ ನೀವಿರಿ."

ತಾತೋ ಕಟ್ಟರ್ ತಂದ. ಎಫ್ರಾಯಿನ್ ಬೀಗವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದ. ನಲವತ್ತೈದು ದಾಟಿದ ಗಂಡಸು, ಕೆನ್ನೆಯೆಲ್ಲ ಒದ್ದೆ. "ತಡಿ ತಾತೋ. ಅಮ್ಮಾ, ನೀನು ಹೋದ್ರೆ ನಾನು ಈ ಮನೇಲಿ ಹೇಗಿರ್ಲಿ? ಹೋಗಲ್ಲ ಅಂತ ಹೇಳು. ಆಮೇಲೆ ಕತ್ತರಿಸ್ಲಿ."

ಒಟಿಲಿಯಾಳ ಮೊಣಕಾಲು ಈಗ ನಿಜವಾಗಿಯೂ ಸೋತಿತು. ಕೂರಬೇಕೆನ್ನಿಸಿತು. ಮಗನ ಕೈ ನಡುಗುತ್ತಿತ್ತು, ಥೇಟ್ ಅವರಪ್ಪನ ಹಾಗೆಯೇ. ಒಂದು ಮಾತು ಆಡಿದರೆ ಆ ನಡುಕ ನಿಲ್ಲುತ್ತದೆ. ಆ ಮಾತು ನಾಲಗೆಯ ತುದಿಯವರೆಗೂ ಬಂತು.

"ನಿಮ್ಮಪ್ಪನೂ ಹೀಗೇ ನಡುಗಿದ್ರು," ಅಂದಳು. "ಅವತ್ತು ನಾನು ಸೋತೆ. ಕೈ ತೆಗಿ ಮಗಾ."

ಅವನು ತೆಗೆಯಲಿಲ್ಲ. ಅವಳು ಸರಳುಗಳ ಸಂದಿಯಿಂದ ಕೈ ಹಾಕಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಟ್ಟರ್ ಕಡಿಯಿತು. ಬೀಗ ನೆಲಕ್ಕೆ ಬಿತ್ತು. ಜಗಲಿ ರಸ್ತೆಯ ಕಡೆಗೆ ವಾಲಿದ್ದರಿಂದ ಗೇಟು ಯಾರೂ ಮುಟ್ಟದೆ ತಾನಾಗಿಯೇ ತೆರೆದುಕೊಂಡಿತು.

ಎಫ್ರಾಯಿನ್ ಬಾವುಟ ಮುಂದೆ ಚಾಚಿದ. ಒಟಿಲಿಯಾ ಅದನ್ನು ತೆಗೆದುಕೊಂಡು ಮುತ್ತಿಟ್ಟು, ಗಂಡನ ತೂಗುಕುರ್ಚಿಯ ಮೇಲೆ ಇಟ್ಟಳು. ಚೀಲ ಎತ್ತಿಕೊಂಡಳು. ಒಳಗೆ ಹೋಗುವ ಜನರನ್ನು ಸರಿಸಿಕೊಂಡು ಅವಳೊಬ್ಬಳು ಹೊರಗೆ ಬಂದಳು. "ಕಾಫಿ ಒಲೆ ಮೇಲಿದೆ, ಮಿಗ್ದಾಲಿಯಾ. ಬಿಸಿ ಮಾಡೋವಾಗ ಉಕ್ಕೀತು, ನೋಡ್ಕೋ."

ಹಳೆಯ ವ್ಯಾನು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹೊರಟಿತು. ಅಷ್ಟರಲ್ಲಿ ಇಗರ್ಜಿಯ ಗಂಟೆ ಹೊಡೆಯಿತು. ಅಭ್ಯಾಸ ನೋಡಿ, ಎಫ್ರಾಯಿನ್ ಓಡಿಹೋಗಿ ಗೇಟು ಎಳೆದುಕೊಂಡು ಕೂಗಿಯೇಬಿಟ್ಟ: "ಎಲ್ಲರೂ ಒಳಗಿದ್ದೀರಾ?"

"ಇದ್ದೀನಿ," ಮಿಗ್ದಾಲಿಯಾಳ ದನಿ ಅಡುಗೆಮನೆಯಿಂದ ಬಂತು. "ಇದ್ದೀನಿ," ಅಂದರು ಮೊಮ್ಮಕ್ಕಳು. ಕೊನೆಯ "ಇದ್ದೀನಿ" ಬರಲಿಲ್ಲ.

ವ್ಯಾನಿನಲ್ಲಿ ಒಟಿಲಿಯಾ ಕರವಸ್ತ್ರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ, ಬೀಗವಿಲ್ಲದ ಗೇಟು ತೆರೆದುಕೊಳ್ಳದಂತೆ ಎಫ್ರಾಯಿನ್ ಒಳಗಿನಿಂದ ಎರಡೂ ಕೈಯಲ್ಲಿ ಸರಳು ಹಿಡಿದು, ಉತ್ತರಕ್ಕಾಗಿ ಕಾಯುತ್ತಾ ನಿಂತಿದ್ದ.